ನಾಕು ದಿನದ ರಾಜ್ಯ

‘ಹಬ್ಬದ ದಿವಸ ಎಲ್ಲಾರೂ ಒಂದೇ’ ಅಂತ ನಮ್ಮ ಕಡೆ ಹಿರೀಕರು ಹೇಳತಾರ. ಒಳ್ಳೆಯ ಮಾತು. ಆದರೆ ಹಬ್ಬದ ದಿವಸ ಒಂದೇ ಆದವರು ಮರುದಿವಸ ಹೊತ್ತು ಮೂಡುವುದರೊಳಗೆ ಮತ್ತೆ ಎರಡು ಯಾಕೆ ಆಗುತ್ತಾರೆ? ಒಂದು ದಿವಸ ಸಾಧ್ಯವಾದದ್ದು ಉಳಿದ ಮುನ್ನೂರ ಅರವತ್ನಾಕು ದಿವಸ ಯಾಕೆ ಸಾಧ್ಯವಾಗುವುದಿಲ್ಲ?

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಸಂಘಟನೆಯ ಹುಡುಗರಲ್ಲಿ ಈ ವಾದ ಹುಟ್ಟುತ್ತದೆ. ಒಬ್ಬ ಅನ್ನುತ್ತಾನೆ: ‘ಹಬ್ಬ ಅನ್ನೋದು ಮ್ಯಾಲಿನವರು ಕುಡಿಸೋ ಅಫೀಮು. ಬಿಟ್ಟಬಿಡ್ರಿ.’ ಇನ್ನೊಬ್ಬ ಅನ್ನುತ್ತಾನೆ: ‘ವರ್ಷಾ ದುಡದು ಸತ್ತವನ ಒಂದು ದಿನದ ಸಂತೋಷಕ್ಕೂ ಯಾಕ ಕಲ್ಲ ಹಾಕತೀರಿ?’ ಎರಡೂ ಮಾತಿನಲ್ಲಿ ನಿಜ ಇದೆ. ಎರಡೂ ಅರ್ಧ ನಿಜ. ಪೂರಾ ನಿಜ ಎಲ್ಲಿದೆ ಎಂದು ಹುಡುಕಬೇಕಾದರೆ ಹೋಳಿಯನ್ನು ಸ್ವಲ್ಪ ದೂರದಿಂದ, ಇನ್ನೊಬ್ಬರ ಹಬ್ಬದ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಆ ಇನ್ನೊಂದು ಹಬ್ಬ ಗೋವೆಯ ಕಾರ್ನಿವಲ್.

ಮನಗೂಳಿಗೂ ಕಾರ್ನಿವಲ್ಲಿಗೂ ಎತ್ತಣ ಸಂಬಂಧ ಎಂದು ಕೇಳಬಹುದು. ಈ ಸಂಬಂಧ ಕಟ್ಟಿದ್ದು ಪಾದ್ರಿಗಳಲ್ಲ, ಬರಗಾಲ. ಡೋಣಿ ಸೀಮೆಯ ಎರೆಭೂಮಿ ಮಳೆ ಬಂದರೆ ಓಣಿ ತುಂಬ ಜೋಳ ಕೊಡುತ್ತದೆ, ಬಾರದಿದ್ದರೆ ಬಾಯಿ ಬಿಟ್ಟುಕೊಂಡು ಮಲಗುತ್ತದೆ. 1876-78ರ ಬರವನ್ನು ಕಂಡ ನೆಲ ಇದು, 1972ರ ಬರವನ್ನು ಕಂಡ ನೆಲವೂ ಇದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಭೂಮಿ ಇಲ್ಲದವರು, ತುಂಡು ಭೂಮಿಯವರು, ಹೊಲೆಮಾದಿಗರು, ಲಂಬಾಣಿಗರು ಗಂಟು ಕಟ್ಟಿ ಗುಳೆ ಹೋಗುತ್ತ ಬಂದಿದ್ದಾರೆ. ಸೊಲ್ಲಾಪುರ, ಪುಣೆ, ಮುಂಬಯಿ ಆದ ಮೇಲೆ ಗೋವೆ. ವಾಸ್ಕೋದಲ್ಲಿ, ಮಾಪುಸಾದಲ್ಲಿ, ಮಡಗಾವಿನಲ್ಲಿ ರಸ್ತೆಗೆ ಡಾಂಬರು ಸುರಿದವರಲ್ಲಿ, ಕಟ್ಟಡಕ್ಕೆ ಇಟ್ಟಂಗಿ ಹೊತ್ತವರಲ್ಲಿ, ಕಡಲ ದಂಡೆಯ ಮೇಲೆ ಮಣಿಸರ ಮಾರುವ ಲಂಬಾಣಿ ಹೆಣ್ಣುಮಕ್ಕಳಲ್ಲಿ ನಮ್ಮ ಜಿಲ್ಲೆಯ ಮಾತು ಕಿವಿಗೆ ಬೀಳುತ್ತದೆ. ಅಲ್ಲಿಯವರು ಇವರನ್ನು ಕರೆಯುವುದು ‘ಘಾಟಿ’ ಎಂದು. ಘಟ್ಟದ ಮೇಲಿನಿಂದ ಬಂದವನು ಎಂಬುದು ಅದರ ಅರ್ಥ. ಕರೆಯುವ ದನಿಯಲ್ಲಿ ಅರ್ಥ ಬೇರೆಯೇ ಇರುತ್ತದೆ. ಜಾತಿಯ ಹೆಸರು ಹಿಡಿದು ಕೂಗಿಸಿಕೊಂಡು ಗೊತ್ತಿದ್ದವನಿಗೆ ಆ ದನಿ ಹೊಸದಲ್ಲ.

ಇನ್ನು ಹಬ್ಬದ ವಿಚಾರ. ಕ್ರೈಸ್ತರಿಗೆ ಈಸ್ಟರ್ ಹಬ್ಬಕ್ಕೆ ಮೊದಲು, ಭಾನುವಾರಗಳನ್ನು ಬಿಟ್ಟು ನಲವತ್ತು ದಿನದ ತಪಸ್ಸು ಕಾಲ ಇದೆ. ಉಪವಾಸ, ಪ್ರಾರ್ಥನೆ, ದಾನ, ಮಾಂಸ ಬಿಡುವುದು. ವಿಭೂತಿ ಬುಧವಾರ ಅದರ ಮೊದಲ ದಿನ. ಅಂದು ಪಾದ್ರಿ ಎಲ್ಲರ ಹಣೆಗೆ ಬೂದಿ ಹಚ್ಚಿ, ಮಣ್ಣಿನಿಂದ ಬಂದವನು ಮಣ್ಣಿಗೇ ಹೋಗುತ್ತಾನೆ ಎಂದು ನೆನಪು ಮಾಡಿಕೊಡುತ್ತಾನೆ. ಈ ಬುಧವಾರಕ್ಕೆ ಮೊದಲಿನ ದಿನಗಳೇ ಕಾರ್ನಿವಲ್. ಮಾಂಸ ತೆಗೆದಿಡು ಎಂಬ ಅರ್ಥದ ಹಳೆಯ ಮಾತಿನಿಂದ ಈ ಹೆಸರು ಬಂದಿದೆ ಎನ್ನುತ್ತಾರೆ. ನಾಳೆಯಿಂದ ಬಿಡಬೇಕಾದದ್ದನ್ನು ಇವತ್ತು ತಿಂದು, ಕುಡಿದು, ಕುಣಿದು ಮುಗಿಸುವುದು. ಈಸ್ಟರನ್ನು ಲೆಕ್ಕ ಹಾಕುವುದೂ ಚಂದ್ರನಿಂದಲೇ. ಹಾಗಾಗಿ ಕಾರ್ನಿವಲ್ ಬಹಳ ವರ್ಷ ನಮ್ಮ ಶಿವರಾತ್ರಿಯ ಆಜೂಬಾಜೂ, ಹೋಳಿಗೆ ಹದಿನೈದು ದಿನ ಮೊದಲು ಬೀಳುತ್ತದೆ. ಅಲ್ಲಿಯೂ ಉಪವಾಸ ಮತ್ತು ಉನ್ಮಾದ ಬಗಲಬಗಲಿಗೆ, ಇಲ್ಲಿಯೂ ಹಾಗೆಯೇ. ಅಲ್ಲಿಯೂ ಬೂದಿ, ಇಲ್ಲಿಯೂ ಬೂದಿ.

ಗೋವೆಗೆ ಇದನ್ನು ತಂದವರು ಪೋರ್ಚುಗೀಸರು. 1510ರಿಂದ 1961ರವರೆಗೆ ಆಳಿದವರು. ಕೊಂಕಣಿಯಲ್ಲಿ ಇದಕ್ಕೆ ‘ಇಂತ್ರುಜ್’ ಎಂಬ ಹೆಸರು. ಆ ಕಾಲದಲ್ಲಿ ಬಿಳಿಯ ದೊರೆಗಳು ಕರಿಯ ಗುಲಾಮರ ವೇಷ ಹಾಕುತ್ತಿದ್ದರಂತೆ. ಮೊಜಾಂಬಿಕಿನಿಂದ ಹಿಡಿದು ತಂದ ಗುಲಾಮರು ಮುಖಕ್ಕೆ ಹಿಟ್ಟು ಬಳಿದುಕೊಂಡು ಬಿಳಿಯರಾಗುತ್ತಿದ್ದರಂತೆ. ನಗಲಿಕ್ಕೆ ಚಂದ ಇದೆ. ಆದರೆ ಒಂದು ವಿಚಾರ ಮಾಡಿರಿ. ದೊರೆ ಮುಖ ತೊಳೆದ ಮೇಲೆ ದೊರೆಯೇ ಆಗುತ್ತಾನೆ. ಗುಲಾಮ ಮುಖ ತೊಳೆದ ಮೇಲೆ ಏನಾಗುತ್ತಾನೆ? ಒಬ್ಬನಿಗೆ ವೇಷ ಆಟ. ಇನ್ನೊಬ್ಬನಿಗೆ ವೇಷ ಕಳಚಿದಾಗಲೇ ಕಷ್ಟ ಶುರು.

ವಸಾಹತಿನ ಕೊನೆಯ ವರ್ಷಗಳಲ್ಲಿ ಮಂಕಾಗಿದ್ದ ಈ ಹಬ್ಬಕ್ಕೆ 1965ರಲ್ಲಿ ಪಣಜಿಯಲ್ಲಿ ಮೆರವಣಿಗೆಯ ರೂಪ ಬಂತು. ಈಗ ಸರಕಾರದ ಪ್ರವಾಸೋದ್ಯಮ ಇಲಾಖೆಯ ಉಸ್ತುವಾರಿ. ಶನಿವಾರ ಪಣಜಿಯಲ್ಲಿ ‘ಮೊಮೊ ರಾಜ’ ಕಿರೀಟ ಹಾಕಿಕೊಂಡು ಬಂದು, ತಿನ್ನಿರಿ, ಕುಡಿಯಿರಿ, ಮಜಾ ಮಾಡಿರಿ ಎಂದು ಅಪ್ಪಣೆ ಹೊರಡಿಸುತ್ತಾನೆ. ನಾಕು ದಿನ ಅವನ ರಾಜ್ಯ. ಮಡಗಾವು, ವಾಸ್ಕೋ, ಮಾಪುಸಾಗಳಲ್ಲಿ ಸರದಿಯ ಮೇಲೆ ಮೆರವಣಿಗೆ. ಲಾರಿಗಳ ಮೇಲೆ ಕಟ್ಟಿದ ಬೊಂಬೆ, ಬ್ಯಾಂಡು, ಕುಣಿತ, ಕಂಪನಿಗಳ ಜಾಹೀರಾತು. ರಸ್ತೆಯ ಎರಡೂ ಕಡೆ ಕಟಕಟೆ. ಇದು ಧರ್ಮದ ಹಬ್ಬ ಅಲ್ಲವೇ ಅಲ್ಲ ಎಂದು ಗೋವೆಯ ಚರ್ಚು ಮತ್ತೆ ಮತ್ತೆ ಹೇಳಿದೆ. ಅದು ನಿಜವೇ. ಮೊಮೊ ರಾಜನಿಗೆ ಕಿರೀಟ ಕೊಡುವುದು ಚರ್ಚೂ ಅಲ್ಲ, ಜನವೂ ಅಲ್ಲ. ನಿಜವಾದ ರಾಜ್ಯ ಕೊಡುತ್ತದೆ, ಬುಧವಾರ ವಾಪಸು ಇಸಕೊಳ್ಳುತ್ತದೆ.

ಕಟಕಟೆಯ ಈಚೆ ನಮ್ಮ ಘಾಟಿ ನಿಂತಿದ್ದಾನೆ. ಹೆಗಲ ಮೇಲೆ ಕೂಸು. ಆ ರಸ್ತೆಗೆ ಡಾಂಬರು ಹಾಕಿದವನು ಅವನೇ ಇರಬಹುದು. ಬ್ಯಾಂಡು ಬಂದಾಗ ಅವನ ಕಾಲೂ ಕುಣಿಯುತ್ತದೆ, ಕೂಸು ಚಪ್ಪಾಳೆ ಹೊಡೆಯುತ್ತದೆ. ಅವನ ಸಂತೋಷ ಸುಳ್ಳೇ? ಯಾವ ಪುಸ್ತಕ ಓದಿದವನಿಗೂ ಅದನ್ನು ಸುಳ್ಳು ಅನ್ನುವ ಹಕ್ಕಿಲ್ಲ. ಅದು ನಿಜವಾದ ಸಂತೋಷ. ಸುಳ್ಳು ಯಾವುದೆಂದರೆ, ಆ ಹೊತ್ತು ಅವನೂ ಆ ಊರಿನವನೇ ಎಂಬ ಭಾವನೆ. ವಾಸ್ಕೋದ ಬೈನಾ ಕಡಲ ದಂಡೆಯ ಗುಡಿಸಲುಗಳನ್ನು 2004ರ ಜೂನಿನಲ್ಲಿ ಬುಲ್ಡೋಜರ್ ಹಚ್ಚಿ ಕೆಡವಿದರು. ಮಳೆ ಶುರುವಾಗುವ ದಿನಗಳು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರಿದ್ದರು. ನಮ್ಮ ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಹೊಟ್ಟೆಗಾಗಿ ಮೈ ಮಾರಬೇಕಾಗಿ ಬಂದ ಹೆಣ್ಣುಮಕ್ಕಳಿದ್ದರು. ಅದೇ ವಾಸ್ಕೋದಲ್ಲಿ ಮುಂದಿನ ವರ್ಷಗಳಲ್ಲೂ ಮೊಮೊ ರಾಜ ಬಂದ, ಮಜಾ ಮಾಡಿರಿ ಎಂದ.

ಇಲ್ಲಿ ಎರಡು ಬೇರೆ ಬೇರೆ ವಸ್ತು ಒಂದರೊಳಗೊಂದು ಹೊಕ್ಕಿವೆ. ಒಂದು ನಲಿವು, ಇನ್ನೊಂದು ಸಮಾನತೆ. ನಲಿವು ನಿಜ, ಸಮಾನತೆ ಸೋಗು. ನಿಜವಾದ ನಲಿವಿನೊಳಗೆ ಸೋಗಿನ ಸಮಾನತೆಯನ್ನು ಕಲಸಿ ಕುಡಿಸುವುದರಲ್ಲಿಯೇ ಆಳುವವರ ಜಾಣತನವಿದೆ. ಅಫೀಮು ಅನ್ನುವ ಗೆಳೆಯ ಎರಡನ್ನೂ ಚೆಲ್ಲುತ್ತಾನೆ. ಕಲ್ಲು ಹಾಕಬೇಡಿ ಅನ್ನುವ ಗೆಳೆಯ ಎರಡನ್ನೂ ಕುಡಿಯುತ್ತಾನೆ. ಸೋಸುವ ಕೆಲಸ ಮಾತ್ರ ಬಾಕಿ ಉಳಿದಿದೆ.

ಈಗ ನಮ್ಮ ಹೋಳಿಗೆ ಬರೋಣ. ಮನಗೂಳಿಯೂ ಸೇರಿ ಈ ಸೀಮೆಯ ಊರುಗಳಲ್ಲಿ ಕಾಮಣ್ಣನ ಹಬ್ಬ ಹೇಗೆ ನಡೆಯುತ್ತದೆ ಎಂಬುದನ್ನು ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಹುಡುಗರು ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಆ ದಿನ ಕಳವು ಕಳವಲ್ಲ. ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುತ್ತಾರೆ. ಗಂಡಸರು ಸೀರೆ ಉಡುತ್ತಾರೆ. ಬದುಕಿದ್ದವನನ್ನು ಚಟ್ಟದ ಮೇಲೆ ಮಲಗಿಸಿ, ಅತ್ತೂ ಕರೆದೂ ಹೆಣದ ಸೋಗು ತೆಗೆಯುತ್ತಾರೆ. ಗೌಡನ ಮನೆಯ ಮುಂದೆ ನಿಂತು ಬೈಗುಳದ ಹಾಡು ಹೇಳುತ್ತಾರೆ. ಗೌಡ ನಗುತ್ತಾನೆ. ‘ಹೋಳಿ ಐತಿ, ಸಿಟ್ಟಾಗಬಾರದು.’

ಇಷ್ಟಕ್ಕೂ ತಾಳ ಕೊಡುವುದು ಹಲಗಿ. ಹಲಗಿ ಇಲ್ಲದೆ ಹೋಳಿ ಇಲ್ಲ. ಆ ಹಲಗಿಯ ತೊಗಲು ಹದ ಮಾಡಿದವರು ಯಾರು? ಕಾಸಿ ಬಡಿಯುತ್ತ ಬಂದವರು ಯಾರು? ಎಷ್ಟೋ ಊರುಗಳಲ್ಲಿ ಕಾಮಣ್ಣನನ್ನು ಸುಡುವ ಬೆಂಕಿಯನ್ನೂ ಕೇರಿಯಿಂದಲೇ ತರುವ ಪದ್ಧತಿ ಇದೆ. ಆ ಬೆಂಕಿಯನ್ನು ಊರವರು ಮನೆಗೊಯ್ದು ಒಲೆ ಹಚ್ಚುತ್ತಾರೆ, ಬೂದಿಯನ್ನು ಹಣೆಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಬೆಂಕಿಗೆ ಮೈಲಿಗೆ ಇಲ್ಲ, ನಮ್ಮ ಬೂದಿಗೆ ಮೈಲಿಗೆ ಇಲ್ಲ, ನಮ್ಮ ಸದ್ದಿಗೆ ಮೈಲಿಗೆ ಇಲ್ಲ. ನಮ್ಮ ಕೊಡಕ್ಕೆ ಮಾತ್ರ ಇದೆ. ಬಣ್ಣ ತೊಳೆದುಕೊಳ್ಳಲು ನೀರು ಬೇಕಾದ ಕೂಡಲೆ ಊರು ಯಾವುದು, ಕೇರಿ ಯಾವುದು ಎಂಬುದು ಗೊತ್ತಾಗಿಬಿಡುತ್ತದೆ.

ಇನ್ನು ಓಕುಳಿ. ಹನುಮಪ್ಪನ ಗುಡಿಯ ಮುಂದೆ ಕೊಂಡ ತೋಡಿ, ಕೇರಿಯ ಹೆಣ್ಣುಮಕ್ಕಳನ್ನು, ಬಹಳ ಕಡೆ ದೇವದಾಸಿಯರನ್ನು ನಿಲ್ಲಿಸಿ, ಊರ ಹುಡುಗರು ನೀರೆರಚುವ ಆಟ ಈ ಸೀಮೆಗೆ ಹೊಸದಲ್ಲ. ಹೆಣ್ಣು ಕೋಲಿನಿಂದ ಗಂಡನ್ನು ಹೊಡೆಯಬಹುದು. ನೋಡಿರಿ, ತಲೆಕೆಳಗಾದ ಲೋಕ! ಆದರೆ ಒದ್ದೆಯಾಗಿ ಮೈಗೆ ಅಂಟಿದ ಸೀರೆ ಯಾರದು, ಸುತ್ತ ನಿಂತು ನೋಡುವ ಕಣ್ಣು ಯಾರವು? ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಕಾಯ್ದೆ ಮಾಡುವ ಹೊತ್ತಿಗೆ ಎಷ್ಟು ತಲೆಮಾರು ಆ ಕೊಂಡದ ನೀರಿನಲ್ಲಿ ತೊಯ್ದಿದ್ದವು! ‘ಆಟ ಐತಿ, ತಗೋ’ ಅನ್ನುವ ಮಾತನ್ನು ಯಾವಾಗಲೂ ಎರೆಚುವವನೇ ಹೇಳುತ್ತಾನೆ. ಎರೆಚಿಸಿಕೊಂಡವಳು ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ?

ಜಾತಿಯ ವಿಷಯದಲ್ಲಿ ಕ್ರೈಸ್ತರ ಹಬ್ಬವೇನೂ ಬೇರೆಯಲ್ಲ. ಕದಂಬರ ಹಳೆಯ ರಾಜಧಾನಿ ಚಂದ್ರಪುರ, ಅಂದರೆ ಈಗಿನ ಚಾಂದೋರಿನಲ್ಲಿ, ಕಾರ್ನಿವಲ್ಲಿನ ಸೋಮವಾರ ‘ಮುಸಳ ಖೇಳ್’ ಎಂಬ ಒನಕೆ ಕುಣಿತ ನಡೆಯುತ್ತದೆ. ಯಾವುದೋ ಕಾಲದ ಗೆಲುವಿನ ನೆನಪು. ಅದನ್ನು ಕುಣಿಯುತ್ತ ಬಂದವರು ಕ್ಷತ್ರಿಯ ಮೂಲದ ಕ್ರೈಸ್ತರಾದ ಚಾರ್ಡೊಗಳು. ಬಾಮಣ, ಚಾರ್ಡೊ, ಸುದಿರ ಎಂಬ ಹೆಸರುಗಳು ನೀರಿನಲ್ಲಿ ಮುಳುಗಿ ಎದ್ದು ಚರ್ಚಿನೊಳಗೂ ಬಂದವು. ತಮಿಳುನಾಡಿನ ತಿರುಚ್ಚಿಯ ಮೇಲಪುದೂರಿನಲ್ಲಿ ಕ್ರೈಸ್ತರ ಸ್ಮಶಾನದಲ್ಲಿಯೇ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆ ಎದ್ದಿತು. ಬುಧವಾರ ಎಲ್ಲರ ಹಣೆಗೂ ಅದೇ ಬೂದಿ, ಎಲ್ಲರೂ ಅದೇ ಮಣ್ಣು. ಮಣ್ಣಾದ ಮೇಲೆ ಮಾತ್ರ ನಡುವೆ ಗೋಡೆ. ನಲಿವಿನ ದಿನ ಸುಳ್ಳು ಹೇಳಿದಷ್ಟೇ ಸಲೀಸಾಗಿ ಉಪವಾಸದ ದಿನವೂ ಸುಳ್ಳು ಹೇಳಬಹುದು.

ಉಪವಾಸದ ಮಾತಿಗೆ ಇನ್ನಷ್ಟು ನಿಲ್ಲಬೇಕು. ಉಪವಾಸ ವ್ರತ ಆಗಬೇಕಾದರೆ ಮೊದಲು ಮನೆಯಲ್ಲಿ ರೊಟ್ಟಿ ಇರಬೇಕು. ಇದ್ದದ್ದನ್ನು ಬಿಟ್ಟರೆ ತ್ಯಾಗ. ಇಲ್ಲದ್ದನ್ನು ಬಿಟ್ಟರೆ ಏನು? ಮಾಂಸ ತೆಗೆದಿಡು ಎಂಬ ಮಾತು ನಮ್ಮ ಕೇರಿಗೆ ಬಂದರೆ ಅದರ ಅರ್ಥವೇ ಬದಲಾಗುತ್ತದೆ. ಸತ್ತ ದನ ಹೊರುವುದು, ಅದನ್ನೇ ತಿನ್ನುವುದು ನಮ್ಮವರ ಮೇಲೆ ಹೇರಿದ ಪಾಲು. 1927ರಲ್ಲಿ ಮಹಾಡದ ಪರಿಷತ್ತಿನಲ್ಲಿ ಬಾಬಾಸಾಹೇಬ ಅಂಬೇಡ್ಕರರು ಸತ್ತ ದನದ ಮಾಂಸ ಬಿಡಿರಿ ಎಂದು ಕರೆ ಕೊಟ್ಟರು. ಅದು ನಲವತ್ತು ದಿನದ ವ್ರತವಲ್ಲ. ಬಿಟ್ಟದ್ದು ರುಚಿಯನ್ನಲ್ಲ, ಚಾಕರಿಯನ್ನು. ಬಿಡುವುದಕ್ಕೂ ಒಂದು ಘನತೆ ಬರುವುದು ಹೀಗೆ. ಪಾಪ ತೊಳೆಯಲಿಕ್ಕೆ ಬಿಟ್ಟರೆ ವರ್ಷವರ್ಷವೂ ಬಿಡಬೇಕಾಗುತ್ತದೆ, ಅವಮಾನ ತೊಳೆಯಲಿಕ್ಕೆ ಬಿಟ್ಟವರು ಮತ್ತೆ ಅತ್ತ ತಿರುಗಿ ನೋಡಲಿಲ್ಲ.

ಹಬ್ಬದ ಪರವಾಗಿ ಮಾತಾಡಿದ ದೊಡ್ಡ ಪಂಡಿತರಿದ್ದಾರೆ. ರಷ್ಯದ ಮಿಖಾಯಿಲ್ ಬಾಖ್ತಿನ್ ಅವರಲ್ಲೊಬ್ಬ. ಸ್ಟಾಲಿನ್ನನ ಕಾಲದಲ್ಲಿ ಗಡೀಪಾರಿನ ಶಿಕ್ಷೆ ಉಂಡವನು. ಫ್ರಾನ್ಸಿನ ಹಾಸ್ಯಗಾರ ರಾಬೆಲೆಯ ಮೇಲೆ ಅವನು ಬರೆದ ಪುಸ್ತಕ ಅಚ್ಚಾದದ್ದು 1965ರಲ್ಲಿ, ಪಣಜಿಯ ಮೆರವಣಿಗೆ ಹೊರಟ ವರ್ಷವೇ. ಹಳೆಯ ಕಾರ್ನಿವಲ್ಲಿನಲ್ಲಿ ಆಡುವವರು, ನೋಡುವವರು ಎಂಬ ಭೇದ ಇರಲಿಲ್ಲ, ಅಲ್ಲಿ ಜನ ಭಯವನ್ನು ನಕ್ಕು ಗೆಲ್ಲುತ್ತಿದ್ದರು ಎಂಬುದು ಅವನ ವಾದದ ತಿರುಳು. ಭಯದಲ್ಲಿ ಬದುಕಿದವನ ಮಾತು ಇದು, ತಳ್ಳಿಹಾಕಬಾರದು. ಗೋವೆಯ ಸಾಸಷ್ಟಿಯ ಹಳ್ಳಿಗಳಲ್ಲಿ ಕಾರ್ನಿವಲ್ ದಿನಗಳಲ್ಲಿ ಮನೆಯಂಗಳದಿಂದ ಮನೆಯಂಗಳಕ್ಕೆ ಹೋಗಿ ‘ಖೇಳ್’ ಆಡುವ ತಂಡಗಳನ್ನು ನೋಡಿದರೆ, ನಮ್ಮ ಹೆಣದ ಸೋಗನ್ನು ನೋಡಿದರೆ, ಅವನು ಹೇಳಿದ ನಗು ಇವತ್ತಿಗೂ ಸತ್ತಿಲ್ಲ ಅನ್ನಿಸುತ್ತದೆ. ಆದರೆ ಆ ನಗುವಿಗೆ ಅಪ್ಪಣೆ ಕೊಡುವವನು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಗೌಡ ಯಾಕೆ ನಗುತ್ತಾನೆ? ನಾಳೆ ಇದೇ ಬಾಯಿ ‘ಎಪ್ಪಾ’ ಅನ್ನುತ್ತದೆ ಎಂಬ ಭರವಸೆಯಿಂದ ನಗುತ್ತಾನೆ.

ಆ ಭರವಸೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರ ಇದೆ. ಫ್ರಾನ್ಸಿನಲ್ಲಿ ರೊಮಾನ್ಸ್ ಎಂಬ ಊರು. 1580ರ ಫೆಬ್ರುವರಿ, ಕಾರ್ನಿವಲ್ ದಿನಗಳು. ತೆರಿಗೆಯ ಭಾರಕ್ಕೆ ಬೇಸತ್ತ ಕಸುಬುದಾರರು, ಸುತ್ತಲಿನ ರೈತರು, ಕಸಬರಿಗೆ, ಒಕ್ಕುವ ಕೋಲು, ಹೆಣದ ಬಟ್ಟೆ ಹಿಡಿದು ಬೀದಿಯಲ್ಲಿ ಕುಣಿದರು. ನಮ್ಮ ದುಡ್ಡಿನಿಂದಲೇ ನೀವು ಕೊಬ್ಬಿದ್ದೀರಿ ಎಂದು ಉಳ್ಳವರ ಮುಖಕ್ಕೆ ಹೇಳಿದರು. ಹೇಳಿದ ದನಿ ಆಟದ ದನಿಯಾಗಿರಲಿಲ್ಲ. ಉಳ್ಳವರಿಗೆ ಅದು ತಿಳಿಯಿತು. ಅವರು ಕತ್ತಿ ಹಿಡಿದು ಬಂದರು. ಪೊಮಿಯೆ ಎಂದು ಕರೆಸಿಕೊಳ್ಳುತ್ತಿದ್ದ, ಬಟ್ಟೆಯ ಕಸುಬಿನ ನಾಯಕನನ್ನು ಕೊಂದರು. ಹಬ್ಬ ಕೊಲೆಯಲ್ಲಿ ಮುಗಿಯಿತು.

ಅಷ್ಟು ದೂರ ಹೋಗುವುದು ಬೇಡ ಅನ್ನುವವರು ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಲ್ಯಾಣವನ್ನು ನೆನೆಯಲಿ. ಬಿಜ್ಜಳನ ಕಾಲದ ಶಾಸನ ಮನಗೂಳಿಯಲ್ಲೂ ಇದೆ. ಅವನ ರಾಜ್ಯ ನಮಗೆ ಪರದೇಶವಲ್ಲ. ಆ ಕಾಲದಲ್ಲಿಯೂ ಹಬ್ಬಗಳಿದ್ದವು, ವೇಷಗಳಿದ್ದವು, ಯಾರೂ ಯಾರನ್ನೂ ಅದಕ್ಕಾಗಿ ಕೊಲ್ಲಲಿಲ್ಲ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದಾಗ ಮಾತ್ರ ಎಳೆಹೂಟೆಯ ಶಿಕ್ಷೆ ಬಂತು ಎಂದು ಶರಣರ ಪರಂಪರೆ ಹೇಳುತ್ತದೆ. ಯಾಕೆ? ಅದು ಸೋಗಾಗಿರಲಿಲ್ಲ. ಮರುದಿವಸ ಮುಖ ತೊಳೆದರೆ ಹೋಗುವ ಬಣ್ಣವಾಗಿರಲಿಲ್ಲ. ಹುಟ್ಟುವ ಕೂಸಿನ ಮೈಯಲ್ಲಿ ಉಳಿಯುವ ಸಮಾನತೆಯಾಗಿತ್ತು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಹೋಳಿಯ ದಿನ ಗೌಡನ ಮಗನ ಮುಖಕ್ಕೆ ಬಣ್ಣ ಬಳಿದ ಕೇರಿಯ ಹುಡುಗನನ್ನು ಯಾರೂ ಏನೂ ಅನ್ನುವುದಿಲ್ಲ. ಅದೇ ಹುಡುಗ ಗೌಡನ ಮಗಳನ್ನು ಪ್ರೀತಿಸಿದರೆ ಊರು ಏನು ಮಾಡುತ್ತದೆ ಎಂಬುದನ್ನು ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ಈ ವ್ಯವಸ್ಥೆ ಮುಖವಾಡವನ್ನು ಕ್ಷಮಿಸುತ್ತದೆ, ಮುಖವನ್ನು ಕ್ಷಮಿಸುವುದಿಲ್ಲ.

ಹಾಗಾದರೆ ಹಬ್ಬ ಬಿಟ್ಟುಬಿಡೋಣವೇ? ಇಲ್ಲ. ನಗುವುದನ್ನೇ ತಪ್ಪೆಂದು ನೋಡುವ ಕಾರ್ಯಕರ್ತ ತನಗೆ ತಿಳಿಯದೆ ಪಾದ್ರಿಯಾಗುತ್ತಾನೆ, ಚಳವಳಿಯನ್ನು ಮುಗಿಯದ ಉಪವಾಸದ ಕಾಲ ಮಾಡಿಬಿಡುತ್ತಾನೆ. ನಮ್ಮವರಿಗೆ ಉಪವಾಸ ಸಾಕಷ್ಟಾಗಿದೆ. ಕೆರೀಬಿಯನ್ ಕಡಲಿನ ಟ್ರಿನಿಡಾಡ್ ದ್ವೀಪದ ಕತೆ ನಮಗೆ ಪಾಠವಾಗಬಹುದು. ಅಲ್ಲಿ ಕಾರ್ನಿವಲ್ ಮೊದಲು ಫ್ರೆಂಚ್ ತೋಟದ ಮಾಲೀಕರ ಕುಣಿತವಾಗಿತ್ತು. 1834ರಲ್ಲಿ ಗುಲಾಮಗಿರಿಯ ವಿರುದ್ಧದ ಕಾಯ್ದೆ ಜಾರಿಗೆ ಬಂದ ಮೇಲೆ ಕರಿಯರು ಹಬ್ಬವನ್ನು ಬೀದಿಗೆ ಎಳೆದು ತಂದು ತಮ್ಮದು ಮಾಡಿಕೊಂಡರು. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಕೊಂಬು ಊದಿ, ಚಾಟಿ ಬೀಸಿ ತಮ್ಮನ್ನು ದುಡಿಸಿದ್ದನ್ನೇ ಪಂಜು ಹಿಡಿದು ಆಡಿ ತೋರಿಸಿದರು. 1881ರಲ್ಲಿ ಪೊಲೀಸರು ತಡೆಯಲು ಬಂದಾಗ ಬಡಿದಾಡಿದರು. ಸರಕಾರ ತೊಗಲಿನ ವಾದ್ಯಗಳ ಮೇಲೆ ನಿಷೇಧ ಹಾಕಿತು. ಅವರು ಬಿದಿರು ಬಡಿದರು. ಮುಂದೆ ಎಣ್ಣೆಯ ಪೀಪಾಯಿ ಬಡಿದು, ಅದರಿಂದ ಲೋಕವೇ ಕೇಳುವ ಹೊಸ ವಾದ್ಯ ಹುಟ್ಟಿಸಿದರು. ಅಪ್ಪಣೆಯ ಹಬ್ಬ ಹಕ್ಕಿನ ಹಬ್ಬ ಆಗುವುದು ಹೀಗೆ.

ನಮ್ಮ ಕೈಯಲ್ಲೂ ತೊಗಲಿನ ವಾದ್ಯವೇ ಇದೆ. ಊರ ಚಾಕರಿಯ ಹುದ್ದೆಗಳನ್ನು ನಮ್ಮ ರಾಜ್ಯ 1961ರ ಕಾಯ್ದೆಯಿಂದ ರದ್ದು ಮಾಡಿತು. ಕಾಗದದ ಮೇಲೆ ರದ್ದಾದದ್ದು ಹಬ್ಬದ ದಿನ, ಹೆಣದ ದಿನ, ‘ಏ, ಹಲಗಿ ತಗೊಂಡು ಬಾರಲೇ’ ಎಂಬ ಕೂಗಿನಲ್ಲಿ ಎಷ್ಟೋ ಊರಲ್ಲಿ ಉಳಿದುಕೊಂಡಿತು. ಬರುವುದಿಲ್ಲ ಅಂದವರಿಗೆ ಕಿರಾಣಿ ಬಂದ್, ಕೂಲಿ ಬಂದ್, ಬಹಿಷ್ಕಾರ. ಇದೇ ಹಲಗಿಯನ್ನು ಚಳವಳಿ ಮೆರವಣಿಗೆಯ ಮುಂದೆ ಹಿಡಿದಾಗ ಅದೇ ತೊಗಲು, ಅದೇ ಕೈ, ಆದರೆ ಸದ್ದು ಬೇರೆ. ಬಿಡಬೇಕಾದದ್ದು ಹಲಗಿಯನ್ನಲ್ಲ, ಹಲಗಿಯ ಬಿಟ್ಟಿಯನ್ನು.

ಹಳ್ಳಿಯ ಮಾಸ್ತರರು, ಹುಡುಗರು ಈ ಸಲ ಹಬ್ಬ ಬಂದಾಗ ಮೂರು ಪ್ರಶ್ನೆ ಕೇಳಿ ನೋಡಲಿ. ಬಡಿಯುವವನು ಮನಸ್ಸಿದ್ದು ಬಡಿಯುತ್ತಿದ್ದಾನೋ, ಕರೆ ಬಂತೆಂದು ಬಡಿಯುತ್ತಿದ್ದಾನೋ? ನಗುವಿಗೆ ಬಲಿಯಾಗುವ ಮೈ ಯಾರದು, ಅವರಿಗೆ ಬೇಡ ಅನ್ನುವ ಧೈರ್ಯ ಇದೆಯೋ? ಬಣ್ಣ ತೊಳೆಯುವ ನೀರು ಎಲ್ಲರಿಗೂ ಒಂದೇ ನಳದಿಂದ ಬರುತ್ತದೋ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಆಡಿರಿ, ಹಾಡಿರಿ, ಬೆಳತನಕ ಕುಣಿಯಿರಿ. ಅದಕ್ಕಿಂತ ದೊಡ್ಡ ಪೂಜೆ ಇಲ್ಲ. ಸಿಗದಿದ್ದರೆ ಹಬ್ಬವನ್ನು ನಿಲ್ಲಿಸಬೇಡಿ. ಹಬ್ಬದ ನಡುವೆಯೇ ನಿಂತು, ಎಲ್ಲರ ಮುಖಕ್ಕೂ ಬಣ್ಣ ಇದ್ದಾಗಲೇ, ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿರಿ. ಗೌಡ ಆಗಲೂ ನಗುತ್ತಾನೋ ಏನೋ, ನೋಡೋಣ.